ಎಂಜಲು ಡಾಕ್ಟರಮ್ಮ

ಆಗ ನನಗೆ ಅರವತ್ತೆಂಟು. ಅದಾಗಿ ಆರು ವರ್ಷವಾಯಿತು. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನನ್ನ ಮಗಳು ಶೋಭಾಳ ಮನೆ. ಒಂದು ಮಧ್ಯಾಹ್ನ ಅಡುಗೆ ಕಟ್ಟೆಯ ಮೇಲೆ ಬಿಳಿ ಐಸ್ ಡಬ್ಬ ಕೂತಿತ್ತು. ಹೊರಗೆ ಉರಿಬಿಸಿಲು. ಮೊಮ್ಮಗಳಿಗೆ ಐಸ್‌ಕ್ರೀಮ್ ತಂದಿದ್ದಾರೆ ಎಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗಳು ಐಸಿನಲ್ಲಿ ಹುಗಿದುಕೊಂಡು ನಿಂತಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಒಳಗಿದ್ದದ್ದು ಅಂಟಂಟಾಗಿತ್ತು, ಮೇಲೆ ನೊರೆ.

“ಅಜ್ಜಿ, ಅದನ್ನ ಒಳಗ ಇಡ್ರಿ! ಬಿಸಿ ಆಗ್ತೈತಿ!” ಎಂದು ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿ ಬಂದಳು ಆ ಹುಡುಗಿ. ನಮ್ಮ ಮನೆಯ ಕೆಳಗಿನ ರೂಮಿನಲ್ಲಿ ಬಾಡಿಗೆಗಿದ್ದವಳು.

“ಏನೇ ಇದು?”

“ಎಂಜಲ್ರಿ.”

“ಯಾರ್ದೇ?”

“ಬ್ಯಾರೆ ಬ್ಯಾರೆ ಮಂದೀದು.”

ಕೊಳವೆ ನನ್ನ ಕೈ ಬಿಟ್ಟಿತು. ಅವಳು ಚೆಂಡು ಹಿಡಿಯುವ ಹುಡುಗರ ಹಾಗೆ ಹಾರಿ ಹಿಡಿದಳು. ನಾನು ಸಿಂಕಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಕಟ್ಟೆ ತೊಳೆದೆ. ಪಕ್ಕದಲ್ಲೇ ಇದ್ದ ಮೊಸರನ್ನು ಚೆಲ್ಲಿದೆ. ಅದಕ್ಕೆ ಮುಚ್ಚಳ ಭದ್ರವಾಗಿಯೇ ಇತ್ತು, ಆದರೂ ಚೆಲ್ಲಿದೆ. ಗಂಡ ಉಂಡ ತಟ್ಟೆಯಲ್ಲಿ ಉಂಡದ್ದು ಬಿಟ್ಟರೆ ಇನ್ನೊಬ್ಬರ ಎಂಜಲು ಮುಟ್ಟಿದವಳಲ್ಲ ನಾನು. ಈ ಹುಡುಗಿ ಊರವರ ಎಂಜಲನ್ನೆಲ್ಲ ಐಸಿನಲ್ಲಿಟ್ಟು ಜೋಪಾನ ಮಾಡುತ್ತಿದ್ದಳು.

ಸಂಜೆ ಮಗಳನ್ನು ತರಾಟೆಗೆ ತೆಗೆದುಕೊಂಡೆ. “ಅವಳು ಡೆಂಟಿಸ್ಟ್ ಕಣಮ್ಮ. ಇಲ್ಲಿ ರಿಸರ್ಚ್ ಮಾಡ್ತಿದಾಳೆ. ಸ್ಯಾಂಪಲ್ಸ್ ಲ್ಯಾಬಿಗೆ ತಗೊಂಡು ಹೋಗೋ ದಾರೀಲಿ ಸ್ನಾನಕ್ಕೆ ಬಂದಿದ್ಲು ಅಷ್ಟೆ” ಎಂದಳು ಶೋಭಾ. ಅಷ್ಟೆಯಂತೆ.

ಅವಳು ವಿಜಯಪುರದ ಕಡೆಯವಳು. ಮುಸಲ್ಮಾನರ ಹುಡುಗಿ. ಅಡುಗೆಮನೆ ಒಂದೇ ಆಗುತ್ತದಲ್ಲ ಎಂದು ಬಂದ ಹೊಸದರಲ್ಲಿ ನಾನು ಮುಖ ಸಿಂಡರಿಸಿದ್ದೆ. ಈ ಎಂಜಲಿನ ರಂಪದ ಮುಂದೆ ಅದೆಲ್ಲ ಎಲ್ಲಿ ಹೋಯಿತೋ. ಕೇಟಿಯ ಕನ್ನಡದವರು ಅವಳಿಗೆ ಎಂಜಲು ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆದರೂ “ಏನ್ರಿ?” ಎಂದು ತಿರುಗುತ್ತಿದ್ದಳು.

ಸಣಕಲು ಮೈ, ಉದ್ದನೆ ಜಡೆ, ಮೂವತ್ತೆರಡೋ ಮೂವತ್ಮೂರೋ ವಯಸ್ಸು. ಮಾತಾಡುವಾಗ ನಮ್ಮ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಟೀವಿಯಲ್ಲಿ ಸೀರಿಯಲ್ಲಿನ ಸೊಸೆ ಗೋಳೋ ಎಂದು ಅಳುತ್ತಿದ್ದರೆ ಇವಳು ಹತ್ತಿರ ಹೋಗಿ, “ಮ್ಯಾಲಿನ ಒಸಡು ಬಾತೈತಿ ನೋಡ್ರಿ ಪಾಪ” ಎನ್ನುವಳು. ನನಗೆ ಅಳು ಬರುವುದಿದ್ದರೂ ನಿಂತುಹೋಗುತ್ತಿತ್ತು. ನಗುವುದಾದರೆ ತುಟಿ ಬಿಚ್ಚುತ್ತಿರಲಿಲ್ಲ. ಭುಜ ಮಾತ್ರ ಕುಣಿಯುತ್ತಿತ್ತು. ಊರಿಂದ ಸಜ್ಜೆ ರೊಟ್ಟಿ ತರಿಸುವಳು, ಹಪ್ಪಳದ ಹಾಗೆ ಗಟ್ಟಿ. ಅದನ್ನು ಮುಷ್ಟಿಯಲ್ಲಿ ಪುಡಿ ಮಾಡಿ ಮಜ್ಜಿಗೆಯಲ್ಲಿ ನೆನೆಸಿ ತಿನ್ನುವಳು. “ಕಡಿದು ತಿನ್ನೋಕಾಗಲ್ವೇನೇ? ಎಂಥ ವಿಜಯಪುರದೋಳು ನೀನು?” ಎಂದರೆ, “ಹಿಂಗ ರುಚಿ ಜಾಸ್ತಿ ಅಜ್ಜಿ” ಎನ್ನುವಳು.

ಒಂದು ಸಲ ನನ್ನ ಬಿಪಿ ಮಾತ್ರೆಗೆಂದು ಅವಳ ಕಾರಿನಲ್ಲಿ ಹೊರಟೆ. ಮುಂದಿನ ಸೀಟಿನಲ್ಲಿ ಐಸ್ ಡಬ್ಬ ಕೂತಿತ್ತು, ಅದಕ್ಕೆ ಬೆಲ್ಟ್ ಬೇರೆ ಬಿಗಿದಿದ್ದಳು.

“ನಾನೆಲ್ಲೇ ಕೂರಲಿ?”

“ಹಿಂದ ಕುಂಡ್ರಿ ಅಜ್ಜಿ. ಇದು ಉರುಳಿದ್ರ ಕೆಡ್ತೈತ್ರಿ.”

“ನಾನು ಉರುಳಿದ್ರೆ?”

“ನೀವು ಕೆಡೂದಿಲ್ರಿ.”

ಐ-ಟೆನ್ ರಸ್ತೆಯಲ್ಲಿ ಟ್ರಾಫಿಕ್ ನಿಂತಲ್ಲೇ ನಿಂತಿತ್ತು. ಆಗಲೇ ಅವಳು ತನ್ನ ಕೆಲಸ ಏನೆಂದು ಹೇಳಿದ್ದು. ಒಸಡಿನ ಸಂದಿಯಲ್ಲಿ ಕೊಳೆ ಕೂತರೆ ಅದನ್ನು ಹೊಡೆಯುವುದಕ್ಕೆ ಮೈಯೊಳಗಿಂದ ಒಂದು ರಸ ಬರುತ್ತದಂತೆ. ಎನ್‌ಜೈಮ್ ಎಂದಳು. ಆ ರಸಕ್ಕೆ ತನ್ನವರು ಪರರು ಗೊತ್ತಿಲ್ಲ. ಕೊಳೆ ಹೋಗದಿದ್ದರೆ ಅದು ಸುರಿಯುತ್ತಲೇ ಇದ್ದು, ಹಲ್ಲನ್ನು ಹಿಡಿದುಕೊಂಡ ನಾರನ್ನೇ ಕರಗಿಸುತ್ತದೆ. ನೋವಿರುವುದಿಲ್ಲ. ಹಲ್ಲು ಅಲ್ಲಾಡುವಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಆದರೆ ಆ ರಸ ಎಂಜಲಿನಲ್ಲಿ ಮೊದಲೇ ಇಳಿದಿರುತ್ತದೆ. ಲ್ಯಾಬಿನಲ್ಲಿ ಎಂಜಲಿಗೆ ಔಷಧಿ ಬೆರೆಸಿದರೆ ಬಣ್ಣ ಬಂದು ತಿಳಿಯುತ್ತದೆ. ಫೋನಿನಲ್ಲಿ ಚಿತ್ರ ತೋರಿಸಿದಳು. ಪಡ್ಡಿನ ಹಂಚಿನಂಥ ಪ್ಲಾಸ್ಟಿಕ್ ತಟ್ಟೆ, ಗುಳಿಗಳು ಮಾತ್ರ ಕಡಲೆಕಾಳಷ್ಟು. ಕೆಲವು ಗುಳಿ ಬೆಳ್ಳಗೆ, ಕೆಲವು ಹಳದಿ.

“ಹಳದಿ ಆದ್ರೆ?”

“ಒಸಡು ಒಳಗ ಕರಗಾಕತ್ತೈತಿ ಅಂತ.”

ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ನಮ್ಮ ಕಡೆಯ ಹಿರಿಯರ ಎಂಜಲು ಅವಳಿಗೆ ಬೇಕಾಗಿತ್ತು. ಅಂಥವರ ಬಾಯಲ್ಲೂ ಈ ಪರೀಕ್ಷೆ ಸರಿಯಾಗಿ ಹೇಳುತ್ತದೆ ಎಂದು ತೋರಿಸಿದರೆ ಅವಳ ಓದು ಮುಗಿಯುತ್ತದೆ. ತೋರಿಸದಿದ್ದರೆ ಅವಳ ಪ್ರೊಫೆಸರ್ ಅದನ್ನು ಅಲ್ಲಿಗೇ ನಿಲ್ಲಿಸುತ್ತಾನೆ. ಆಮೇಲೆ ವೀಸಾ ಗೀಸಾ ಎಂದು ಏನೇನೋ ಹೇಳಿದಳು. ವಾಪಸು ಹೋಗಬೇಕಾಗುತ್ತದೆ ಎನ್ನುವುದು ನನಗೆ ತಿಳಿಯಿತು.

ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, “ಅಜ್ಜಿ, ನೀವ್ಯಾಕ ಒಂದ ಬದಿಲೆ ಅಗೀತೀರಿ?” ಎಂದಳು.

“ನನ್ನ ಬಾಯಿ, ನನ್ನಿಷ್ಟ.”

“ವಾಸನಿನೂ ಬರ್ತೈತ್ರಿ. ಸಿಟ್ಟಾಗಬ್ಯಾಡ್ರಿ.”

ಸಿಟ್ಟಾದೆ. ಮಾತ್ರೆ ತೆಗೆದುಕೊಂಡು ಮನೆ ಸೇರುವವರೆಗೂ ಬಾಯಿ ಬಿಡಲಿಲ್ಲ. ಹೆಂಡತಿ ಬಾಯಿ ವಾಸನೆ ಎಂದು ನನ್ನ ಗಂಡನೇ ಯಾವತ್ತೂ ಹೇಳಿರಲಿಲ್ಲ. ಅವನ ಬಾಯಲ್ಲೂ ಬೀಡಿ ಇರುತ್ತಿತ್ತು, ಆ ಮಾತು ಬೇರೆ.

ನನಗೂ ಗೊತ್ತಿತ್ತು. ಮಂಡ್ಯದಿಂದ ತಂದ ಹೊಗೆಸೊಪ್ಪಿನ ಕಡ್ಡಿಪುಡಿ ಸೀರೆ ಮಡಿಕೆಯೊಳಗೆ ಇಟ್ಟಿದ್ದೆ. ಎಲೆ ಸಿಗದ ದಿನ ಬರೀ ಪುಡಿಯನ್ನೇ ಬಲದವಡೆಗೆ ಒತ್ತಿಕೊಳ್ಳುವೆ. ಬೆಳಗ್ಗೆ ಉಗಿದರೆ ಕೆಂಪು. ಮಗಳು ನೋಡುವ ಮೊದಲು ನಲ್ಲಿ ಬಿಟ್ಟು ತೊಳೆಯುವೆ. ಬಲಗಡೆ ಎರಡು ಹಲ್ಲು ನಾಲಿಗೆ ತಾಗಿಸಿದರೆ ವಾಲುತ್ತಿದ್ದವು. ವಯಸ್ಸಾದ ಮೇಲೆ ಹಲ್ಲು ಬೀಳದೆ ಇನ್ನೇನು ಮೊಳೆಯುತ್ತದೆಯೇ? ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಲ್ಲಾ ಕೀಳಿಸುತ್ತಾರೆ, ಆಮೇಲೆ ಮಿಕ್ಸಿಯಲ್ಲಿ ರುಬ್ಬಿದ ಅನ್ನ ತಿಂದುಕೊಂಡು ಕೂರಬೇಕು. ಅದಕ್ಕೇ ಎಲ್ಲರೂ ಎಂಜಲು ಕೊಡಲು ಒಪ್ಪಿದಾಗಲೂ ನಾನು ಒಪ್ಪಲಿಲ್ಲ.

ಎಲ್ಲರೂ ಕೊಟ್ಟ ಚೆಂದವನ್ನು ಕೇಳಿ.

ಎದುರು ಮನೆ ಲಲಿತಾ, ಬೆಂಗಳೂರಿನವಳು, ತನ್ನ ಮನೆಯಲ್ಲೇ ಸೇರೋಣ ಎಂದಳು. ಮಕ್ಕಳನ್ನು ನೋಡಲು ಬಂದಿದ್ದ ಅಪ್ಪ ಅಮ್ಮಂದಿರು, ಅತ್ತೆ ಮಾವಂದಿರು ಶನಿವಾರ ಬೆಳಗ್ಗೆ ಬರುವುದಾಯಿತು. ಹುಡುಗಿ ಹೇಳಿದ್ದು ಇಷ್ಟೇ. ಎದ್ದ ಮೇಲೆ ಹಲ್ಲುಜ್ಜಬೇಡಿ, ಬಾಯಿ ಮುಕ್ಕಳಿಸಬೇಡಿ, ಕಾಫಿ ಕುಡಿಯಬೇಡಿ. ಬಂದು ಸುಮ್ಮನೆ ಕೂತು, ಬಾಯಲ್ಲಿ ಊರಿದ್ದನ್ನು ಕೊಳವೆಗೆ ಬಿಡಿ.

ಬಾಯಿ ತೊಳೆಯದೆ ನಮ್ಮಲ್ಲಿ ಯಾರು ಒಲೆ ಹಚ್ಚುತ್ತಾರೆ? ಹಾಗಿರುವಾಗ ಇನ್ನೊಬ್ಬರ ಮನೆಯ ಸೋಫಾದ ಮೇಲೆ ಹೋಗಿ ಕೂರುತ್ತಾರೆಯೇ? ಬಂದವರೆಲ್ಲ ಸ್ನಾನ ಮಾಡಿದ್ದರು. ಹೆಂಗಸರು ಕುಂಕುಮ ಇಟ್ಟು ಒಳ್ಳೆ ಸೀರೆ ಉಟ್ಟಿದ್ದರು. ಕೇಳಿದರೆ, ಬಾಯಿಗೆ ನೀರೇ ತಾಗಿಸಿಲ್ಲ ಎಂದರು.

ಹುಡುಗಿ ಲಲಿತಾಳ ಎದುರು ನಿಂತು ಮೂಗು ಅರಳಿಸಿದಳು. “ಆಂಟಿ, ಹಲ್ಲು ತಿಕ್ಕಿಲ್ಲ ಅಂದ್ರಲ್ರಿ?”

“ಇಲ್ಲಪ್ಪ, ಪ್ರಾಮಿಸ್.”

“ಮತ್ತ ಬಾಯಾಗ ಪುದೀನಾ ತ್ವಾಟ ಐತಲ್ರಿ.”

“ಅದಾ? ಅದು ಬರೀ ಮೌತ್‌ವಾಶು. ಅದನ್ನೂ ಹಲ್ಲುಜ್ಜೋದು ಅಂತಾರಾ?”

ಒಬ್ಬರು ಉಪ್ಪುನೀರಿನಲ್ಲಿ ಮುಕ್ಕಳಿಸಿದ್ದರು. ಅದು ಔಷಧಿಯಂತೆ, ಲೆಕ್ಕಕ್ಕಿಲ್ಲವಂತೆ. ಒಬ್ಬ ಅಂಕಲ್ ಲವಂಗ ಜಗಿದಿದ್ದರು. ಇಂಥವರನ್ನು ಅವಳು ಕೈಮುಗಿದು ಬದಿಗೆ ಕೂರಿಸಿದಳು. ಉಳಿದವರು ಮಕ್ಕಳ ಮೇಲೆ ಆಣೆ ಮಾಡಿದರು. ಅವಳು ನಂಬಿ ಎಂಜಲು ತುಂಬಿಸಿಕೊಂಡು ಹೋದಳು.

ಆಣೆ ಮಾಡಿದವರೂ ಮುಕ್ಕಳಿಸಿದ್ದರು. ಲಲಿತಾಳ ಬಚ್ಚಲ ಮುಂದೆ ಸಾಲು ನಿಂತದ್ದನ್ನು ನಾನೇ ನೋಡಿದೆ. ದೇವರಂಥ ಜನ, ಸುಳ್ಳು ಹೇಳುವವರಲ್ಲ. ಮಗಳ ವಯಸ್ಸಿನ ಹುಡುಗಿಯ ಕೈಗೆ ಹೊಲಸು ಬಾಯಿಯ ಎಂಜಲು ಕೊಡುವುದು ಹೇಗೆ ಎಂದು ಅವರಿಗೆ ಸಂಕಟ. ಒಳ್ಳೆಯ ಎಂಜಲು ಕೊಡೋಣ ಎಂದು ತೊಳೆದು ಕೊಟ್ಟಿದ್ದರು.

ತಟ್ಟೆ ಬೆಳ್ಳಗೆ ಬಂತು. ಇಪ್ಪತ್ತು ವರ್ಷದಿಂದ ಹೊಗೆಸೊಪ್ಪು ಹಾಕುವವರ ಬಾಯಿಯೂ ಹಸುಗೂಸಿನ ಬಾಯಿಯ ಹಾಗೆ ಬಂತು. ನಿಮ್ಮ ಆಂಟಿಯರು ಒಂದೋ ದೇವತೆಗಳು, ಇಲ್ಲವೇ ನಿನ್ನ ಪರೀಕ್ಷೆ ಸುಳ್ಳು ಎಂದನಂತೆ ಪ್ರೊಫೆಸರ್. ಬಚ್ಚಲ ಸಾಲಿನ ವಿಷಯ ನಾನು ಹೇಳಿದೆ. ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಭುಜ ಕುಣಿಸಿ ನಕ್ಕಳು.

“ಬೈಯೇ ಅವರನ್ನ” ಎಂದೆ.

“ಹೆಂಗ ಬೈಲಿ ಅಜ್ಜಿ? ನಾನೂ ಬಾಯಿ ಮುಕ್ಕಳಿಸದ ನಮಾಜಿಗೆ ನಿಂದ್ರೂದಿಲ್ಲ. ಅವರು ನನ್ನ ಸಲುವಾಗಿ ತೊಳಕೊಂಡಾರ.”

ಇನ್ನೊಂದು ಸಲ ಕೊಡಿ ಎಂದು ಫೋನು ಮಾಡಿದಳು. “ಆಣೆ ಮಾಡಿದ ಮೇಲೂ ನಂಬಲ್ಲ ಅಂದ್ರೆ ನಮ್ಮನ್ನ ಏನಂದ್ಕೊಂಡಿದಾಳೆ?” ಎಂದು ಲಲಿತಾ ಶೋಭಾಳ ಹತ್ತಿರ ಮುಖ ಉಬ್ಬಿಸಿದಳು. ಯಾರೂ ಬರಲಿಲ್ಲ. ಕಡೆಗೆ ಪ್ರೊಫೆಸರ್ ಇನ್ನು ಒಂದೇ ಒಂದು ತಟ್ಟೆಗೆ ಒಪ್ಪಿದ. ಸೋಮವಾರ. ಅದೂ ಬೆಳ್ಳಗೆ ಬಂದರೆ ಮುಗಿಯಿತು. ಬೇರೆ ಊರಿನ ಒಂದಿಬ್ಬರು ಕೊಟ್ಟದ್ದು ಬಿಟ್ಟರೆ ಅವಳ ಹತ್ತಿರ ಏನೂ ಇರಲಿಲ್ಲ. ನನ್ನನ್ನು ಮಾತ್ರ ಎರಡನೇ ಸಲ ಕೇಳಲಿಲ್ಲ. ಬಾಯಿ ನೋಡುವಳು, ಸುಮ್ಮನೆ ಹೋಗುವಳು. ಕೇಳಿದ್ದರೆ ಬೈದು ಹಗುರಾಗುತ್ತಿದ್ದೆ.

ಭಾನುವಾರ ಮಧ್ಯಾಹ್ನ. ಅವಳ ರೂಮಿಗೂ ನನ್ನ ರೂಮಿಗೂ ನಡುವೆ ಒಂದೇ ಬಚ್ಚಲು, ಎರಡೂ ಕಡೆ ಬಾಗಿಲು. ಬಾಗಿಲು ತಟ್ಟಿ ಹೋಗುವ ಅಭ್ಯಾಸ ನನಗಿಲ್ಲ. ಚಿಲಕ ಹಾಕದಿದ್ದರೆ ಯಾರೂ ಇಲ್ಲ ಎಂದೇ ನನ್ನ ಲೆಕ್ಕ. ತಳ್ಳಿಕೊಂಡು ಒಳಗೆ ಹೋದೆ.

ಅವಳು ಸಿಂಕಿನ ಮುಂದೆ ನಿಂತಿದ್ದಳು. ಎಡಗೈಯಲ್ಲಿ ಹಲ್ಲಿನ ಎರಡೂ ಸಾಲು, ಬಲಗೈಯಲ್ಲಿ ಬ್ರಶ್ಶು. ನನ್ನ ಕಡೆ ತಿರುಗಿದಳು.

ಕೆನ್ನೆ ಒಳಗೆ ಹೋಗಿತ್ತು. ತುಟಿ ಬಾಯೊಳಕ್ಕೆ ಮಡಚಿಕೊಂಡಿತ್ತು. ಗಲ್ಲ ಮೂಗಿನ ಹತ್ತಿರ ಬಂದಿತ್ತು. ಅಷ್ಟುದ್ದದ ಕಪ್ಪು ಜಡೆಯ ಆ ಹುಡುಗಿಯ ಮುಖದಲ್ಲಿ, ಎಂಬತ್ತು ದಾಟಿ ಸತ್ತ ನನ್ನ ಅತ್ತೆ ಕೂತಿದ್ದಳು.

ನಾನು ಬಾಗಿಲು ಹಿಡಿದುಕೊಂಡೆ. ಗಂಡನ ಹೆಣ ನೋಡಿದ್ದೇನೆ, ಲಾರಿಯಡಿ ಸಿಕ್ಕ ಎತ್ತು ನೋಡಿದ್ದೇನೆ, ನಿಂತಲ್ಲೇ ನಿಂತಿದ್ದೆ. ಆವತ್ತು ಕಮೋಡಿನ ಮುಚ್ಚಳದ ಮೇಲೆ ಕೂತುಬಿಟ್ಟೆ.

ಅವಳು ಮುಚ್ಚಿಕೊಳ್ಳಲಿಲ್ಲ. ನಿಧಾನವಾಗಿ ಉಜ್ಜಿ, ತೊಳೆದು, ಮೇಲಿನದನ್ನು ಕೆಳಗಿನದನ್ನು ಬಾಯಿಗೆ ಕೂರಿಸಿಕೊಂಡಳು. ಮತ್ತೆ ಹುಡುಗಿಯಾದಳು.

“ಅಂಜಿದ್ರೇನ್ರಿ ಅಜ್ಜಿ?”

“ಯಾರೇ ಹೊಡೆದ್ರು ನಿಂಗೆ?” ನನಗೆ ಹೊಳೆದದ್ದು ಅದೊಂದೇ.

“ಯಾರೂ ಹೊಡೆದಿಲ್ರಿ. ತಾವ ಬಿದ್ದುವ್ರಿ.”

ಹದಿನಾರಕ್ಕೆ ಶುರುವಾಯಿತಂತೆ. ಸಣ್ಣವರನ್ನೇ ಹಿಡಿಯುವ ಒಂದು ಜಾತಿಯ ಒಸಡಿನ ರೋಗ, ಬಲು ಬೇಗ ತಿನ್ನುತ್ತದಂತೆ. ರಕ್ತ ಬಂದಾಗ ಮನೆಯಲ್ಲಿ ಉಷ್ಣ ಎಂದರು. ಕಲ್ಲಂಗಡಿ ತಿನ್ನಿಸಿದರು, ಉಪ್ಪು ತಿಕ್ಕಿಸಿದರು. ಡೆಂಟಲ್ ಕಾಲೇಜಿನಲ್ಲಿ ಹುಡುಗಿಯರು ಒಬ್ಬರ ಬಾಯಿ ಒಬ್ಬರು ನೋಡಿ ಕಲಿಯುವಾಗ, ಗೆಳತಿ ಹಿಡಿದ ಸಣ್ಣ ಕಡ್ಡಿ ಇವಳ ಒಸಡಿನೊಳಗೆ ಇಳಿಯಿತು, ಇಳಿಯುತ್ತಲೇ ಹೋಯಿತು. ಗೆಳತಿ ಕಿರುಚಿದಳು. ಮೇಷ್ಟ್ರು ಕ್ಲಾಸಿನವರನ್ನೆಲ್ಲ ಕರೆದು ಬಾಯಿ ತೋರಿಸಿದರು. ಆಮೇಲೆ ಎಷ್ಟು ಔಷಧಿ ಮಾಡಿದರೂ ಒಂದೊಂದೇ ಹೋದವು.

“ಮದುವೆ?” ಎಂದೆ. ಬೇರೆ ಯಾರೂ ಕೇಳುವುದಿಲ್ಲ, ನಾನು ಕೇಳಿದೆ.

“ನೋಡಾಕ ಬಂದಂವಗ ನಾನ ಹೇಳಿದ್ನಿ. ಅಂವ ಅರ್ಧ ಚಾ ಬಿಟ್ಟು ಎದ್ದ. ಚಲೋ ಚಾ ಇತ್ತು, ನಾನ ಕುಡಿದ್ನಿ.”

ಅವಳು ನಗಲಿಲ್ಲ, ನಾನೂ ನಗಲಿಲ್ಲ.

“ಯಾರಿಗೂ ಹೇಳಲ್ಲ ಬಿಡು.”

“ಹೇಳ್ರಿ ಬೇಕಾದ್ರ. ಹಲ್ಲಿಲ್ಲದ್ದು ಕಳ್ಳತನ ಏನಲ್ಲ. ನಗುವಾಗಷ್ಟ ಒಮ್ಮೊಮ್ಮೆ ಜಾರ್ತಾವು, ಅದಕ್ಕ ಬಾಯಿ ಮುಚ್ಚತೀನಿ.” ಬ್ರಶ್ಶು ಒರೆಸಿ ಇಟ್ಟಳು. “ನಂಗ ಹದಿನಾರು ಇದ್ದಾಗ ಯಾರರ ನನ್ನ ಎಂಜಲ ನೋಡಿದ್ರ ಸಾಕಿತ್ತು ಅಜ್ಜಿ. ಯಾರಿಗೂ ತಿಳೀಲಿಲ್ಲ. ನಾನು ದಿನಾ ತೊಳದು ತೊಳದು ಚೆಲ್ಲಿದ್ನಿ.”

ನಾನು ಬಾಯಿ ತೆರೆದೆ. ಅಲ್ಲೇ, ಕಮೋಡಿನ ಮೇಲೆ ಕೂತವಳು. ಅವಳು ಫೋನಿನ ಬೆಳಕು ಹಾಕಿ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಬೆಳಕು ಆರಿಸಿದಾಗ ಅವಳ ಮುಖ ಬಿಳಚಿಕೊಂಡಿತ್ತು. ಅಷ್ಟು ಬಾಯಿ ನೋಡಿದವಳ ಮುಖ ನನ್ನ ಬಾಯಿ ನೋಡಿ ಬಿಳಚಿದ್ದು ನನಗೆ ಆ ದಿನದ ಎರಡನೇ ಪೆಟ್ಟು.

“ಎಲ್ಲಾ ಕೀಳ್ತಾರೇನೇ?”

“ಕಣ್ಣಿಲೆ ನೋಡಿ ಪೂರಾ ಹೇಳಾಕ ಬರೂದಿಲ್ರಿ. ಈಗೂ ಕರಗಾಕತ್ತೈತೋ, ಹಿಂದ ಕರಗಿ ನಿಂತೈತೋ ಎಂಜಲ ಹೇಳ್ತೈತಿ. ಏನ ಬರಲಿ, ಈ ವಾರ ನಿಮ್ಮನ್ನ ಡಾಕ್ಟರ ಕಡೆ ನಾನ ಕರಕೊಂಡ ಹೋಗ್ತೀನಿ. ಎಂಜಲ ಕೊಡೂದು ಬಿಡೂದು ನಿಮಗ ಬಿಟ್ಟದ್ರಿ.”

ನಾನು ಎದ್ದು ಬಂದೆ. ರೂಮಿಗೆ ಹೋಗಿ ಕಡ್ಡಿಪುಡಿ ಪೊಟ್ಟಣ ತೆಗೆದೆ, ನೋಡಿದೆ, ಮತ್ತೆ ಒಳಗಿಟ್ಟೆ. ಬಿಸಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅದನ್ನು ಬಿಡಲು ನನಗೆ ಒಂದು ವರ್ಷ ಹಿಡಿಯಿತು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ತಟ್ಟೆಯಲ್ಲಿ ನನ್ನ ಗುಳಿ ಅರಿಶಿನ ಕದಡಿದ ಹಾಗೆ ಬಂತು. ಚಿತ್ರ ನೋಡಿದಾಗ ನನ್ನ ಮೈ ತಣ್ಣಗಾಯಿತು, ಅವಳು ಮಾತ್ರ ಕುಣಿಯುವುದೊಂದು ಬಾಕಿ. ಡಾಕ್ಟರು ಒಸಡಿನ ಬುಡ ಕೆರೆದು ತೊಳೆದರು. ಕೆಲವು ಹಲ್ಲು ಹೋದವು, ಹೆಚ್ಚಿನವು ಇವತ್ತಿಗೂ ಇವೆ. ಅವಳ ಕೆಲಸ ನಿಲ್ಲಲಿಲ್ಲ. ಓದು ಮುಗಿಸಿ ಅವಳು ಡಾಲಸ್ಸಿನ ಒಂದು ಲ್ಯಾಬಿಗೆ ಹೋದಳು. ಅಲ್ಲೇ ಹತ್ತಿರದ ಮೆಕಿನ್ನಿಯಲ್ಲಿ ಮನೆ ಮಾಡಿದ್ದೇನೆ, ಬರ್ರಿ ಅಜ್ಜಿ ಎಂದು ಫೋನು ಮಾಡುತ್ತಿದ್ದಳು. ನಾನು ಹೋಗಲಿಲ್ಲ. ಆಮೇಲೆ ಆಸ್ಟಿನ್ ಎಂದರು, ಆಮೇಲೆ ಊರಿಗೇ ಹೋದಳು ಎಂದರು. ಆ ನಂಬರಿಗೆ ಈಗ ಬೇರೆ ಯಾರೋ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಅವಳ ಹೆಸರು ಹಾಕಬಾರದು ಎಂದು ಶೋಭಾ ಹೇಳಿದ್ದಾಳೆ, ಹಾಕಿಲ್ಲ.

ಆ ಸೋಮವಾರ ಬೆಳಗ್ಗೆ ಎದ್ದೆ. ಕಾಲು ತಾನಾಗಿಯೇ ಬಚ್ಚಲ ಕಡೆ ಹೋಯಿತು. ನಿಲ್ಲಿಸಿಕೊಂಡೆ. ಬಾಯಿ ಹುಳಿಹುಳಿ, ಕೆಟ್ಟ ವಾಸನೆ, ನನಗೇ ಅಸಹ್ಯ. ಕೆದರಿದ ತಲೆಯಲ್ಲೇ ಅಡುಗೆಮನೆಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅವಳು ಐಸ್ ಡಬ್ಬ ತುಂಬುತ್ತಿದ್ದಳು. ಕೈ ಚಾಚಿದೆ. ಒಂದು ಕೊಳವೆ ಕೊಟ್ಟಳು. ತಲೆ ಬಗ್ಗಿಸಿ, ತುಟಿಗೆ ಹಿಡಿದು, ಬಾಯಲ್ಲಿ ಊರಿದ್ದನ್ನೆಲ್ಲ ಬಿಟ್ಟೆ. ಮದುವೆಯಾದ ಹೊಸದರಲ್ಲೂ ಅಷ್ಟು ನಾಚಿಕೆಯಾಗಿರಲಿಲ್ಲ. ಮುಚ್ಚಳ ತಿರುಗಿಸಿ ಅವಳ ಕೈಗೇ ಕೊಟ್ಟೆ. ಅವಳು ಬೆಳಕಿಗೆ ಹಿಡಿದು ನೋಡಿ ಐಸಿನಲ್ಲಿಟ್ಟಳು.

“ಇನ್ನ ಬಾಯಿ ತೊಳ್ಕೋರಿ ಅಜ್ಜಿ.”

“ಎಷ್ಟು ಹೊತ್ತಿಗೆ ಹೊರಡ್ತೀಯೇ?”

“ಅರ್ಧ ತಾಸು ಐತ್ರಿ.”

ಖಾಲಿ ಕೊಳವೆಗಳಲ್ಲಿ ಒಂದು ಹಿಡಿ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡೆ. ಚಪ್ಪಲಿ ಮೆಟ್ಟಿ ರಸ್ತೆ ದಾಟಿ ಲಲಿತಾಳ ಮನೆಯ ಬೆಲ್ ಒತ್ತಿದೆ, ತೆಗೆಯುವವರೆಗೂ ಒತ್ತಿದೆ. ನೈಟಿಯಲ್ಲಿ ಕಣ್ಣುಜ್ಜುತ್ತಾ ಬಂದಳು.

“ಏನಮ್ಮಾ? ಶೋಭಾ ಹುಷಾರಾಗಿದಾಳಾ?”

“ಬಾಯಿ ತೊಳ್ದ್ಯಾ?”

“ಇಲ್ಲಮ್ಮಾ, ಈಗ್ತಾನೇ ಎದ್ದೆ...”

“ನಾನೂ ತೊಳ್ದಿಲ್ಲ. ಒಳಗೆ ನಿಮ್ಮತ್ತೇನೂ ಏಳಿಸು” ಎಂದು ಒಂದು ಕೊಳವೆ ಅವಳ ಮೂಗಿಗೆ ಹಿಡಿದೆ. “ಮೊದಲು ನೀನು ಉಗಿ.”